ಬಂದ ಕಾರಣ

ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಹೆಂಗಸರಿಗೆ ದೂರ ಕಡಿಮೆಯಾಯಿತು ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಅದು ಶುರುವಾದದ್ದು 2023ರ ಜೂನ್ 11ಕ್ಕೆ. ಅದೇ ವರ್ಷ ನನ್ನ ಮಗಳಿಗೆ ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. 371(ಜೆ) ಅಡಿ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆಂದು ಉಳಿದ ಜಿಲ್ಲೆಗಳ ಕಾಲೇಜುಗಳಲ್ಲಿ ಶೇಕಡಾ 8ರಷ್ಟು ಸೀಟು ಇಡುತ್ತಾರಲ್ಲ, ಅದರಲ್ಲಿ ಬಂದ ಸೀಟು. ಜೇವರ್ಗಿಯಿಂದ ಹೊರಟ 150ಎ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರು, ಬಳ್ಳಾರಿ, ಹಿರಿಯೂರು ದಾಟಿ ಮೈಸೂರಿಗೇ ಹೋಗುತ್ತದೆ. ನಮ್ಮ ಸಂತೆಕಲ್ಲೂರಿನಿಂದ ಸುಮಾರು 500 ಕಿಲೋಮೀಟರ್. ವೇಗದೂತ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಬಸ್ಸಿಳಿದ ಮೇಲೆ ರಾತ್ರಿ ಎಲ್ಲಿ ಮಲಗಬೇಕು ಅನ್ನುವುದಕ್ಕೆ ಮಾತ್ರ ಯಾವ ಯೋಜನೆಯೂ ಇಲ್ಲ.

ನಮ್ಮೂರಲ್ಲಿ ಲಾಡ್ಜ್ ಇಲ್ಲ. ಇದರ ಅಗತ್ಯ ಯಾರಿಗೂ ಬಿದ್ದಿಲ್ಲ. ‘ಕೃಷಿ ಜ್ಞಾನ ಪ್ರದೀಪಿಕೆ’ ಅಂತ ಒಕ್ಕಲುತನದ ಮೇಲೆ ಪುಸ್ತಕ ಬರೆದ ಘನಮಠ ಶಿವಯೋಗಿಗಳ ಮಠ ಇರುವ ಊರು ನಮ್ಮದು. ಜಾತ್ರೆಗೆ ಬಂದವರು ಮಠದ ಅಂಗಳದಲ್ಲಿ ಮಲಗುತ್ತಾರೆ, ಬೀಗರು ಪಡಸಾಲೆಯಲ್ಲಿ ಮಲಗುತ್ತಾರೆ, ಕೊನೆಯ ಬಸ್ಸು ತಪ್ಪಿದವರಿಗೆ ಯಾರಾದರೂ ಒಂದು ಕೌದಿ ಕೊಡುತ್ತಾರೆ. ರೊಕ್ಕ ಕೊಟ್ಟು ನಿದ್ದೆ ಮಾಡುವುದು ಅಂದರೇನು ಅಂತ ನನಗೆ 42 ವರ್ಷದವರೆಗೆ ಗೊತ್ತಿರಲಿಲ್ಲ.

ಅಡ್ಮಿಷನ್ನಿಗೆ ಹೋದಾಗ ಮನೆಯವರು ಜೊತೆಗಿದ್ದರು. ಲಾಡ್ಜಿನ ಬೋರ್ಡಿನಲ್ಲಿ 900 ಅಂತಿತ್ತು, ಬಿಲ್ಲಿನಲ್ಲಿ 1008 ಆಗಿತ್ತು. ಜಿಎಸ್‌ಟಿ ಬಂದ ಹೊಸದರಲ್ಲಿ ದಿನಕ್ಕೆ 1000 ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೋಣೆಗೆ ತೆರಿಗೆ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ ಶೇಕಡಾ 12 ಹಾಕಿದರು. (ಈಗ, 2025ರ ಸೆಪ್ಟೆಂಬರಿನಿಂದ, 5ಕ್ಕೆ ಇಳಿಸಿದ್ದಾರೆ.) ಇನ್ನೊಂದು ಪಾಠವೂ ಅಲ್ಲೇ ಆಯಿತು. ರಾತ್ರಿ ಬಸ್ಸಿನವರು ಊರು ಮುಟ್ಟುವುದು ನಸುಕಿನಲ್ಲಿ. ಆಗಲೇ ಕೋಣೆ ಹಿಡಿದರೆ, ಮಧ್ಯಾಹ್ನ 12ಕ್ಕೆ ಖಾಲಿ ಮಾಡುವ ಲೆಕ್ಕದವರು ಆರು ತಾಸಿಗೆ ಒಂದು ದಿನದ ಬಾಡಿಗೆ ಹಚ್ಚುತ್ತಾರೆ. ‘24 ಗಂಟೆ’ ಅಂತ ಬರೆದಿರುವ ಲಾಡ್ಜೇ ನಮ್ಮಂಥವರಿಗೆ ಸರಿ. ಬರೀ ಮುಖ ತೊಳೆದು ಸೀರೆ ಬದಲಿಸುವುದಿದ್ದರೆ ತಾಸಿನ ಲೆಕ್ಕದಲ್ಲಿ ‘ಫ್ರೆಶ್‌ಅಪ್’ ಕೋಣೆಯೂ ಸಿಗುತ್ತದೆ. ಮನೆಯವರು ಆ ಬಿಲ್ಲನ್ನು ಅಂಗಿ ಕಿಸೆಯಲ್ಲಿಟ್ಟುಕೊಂಡು ಊರತನಕ ತಂದು, ನಮ್ಮತ್ತೆಗೆ ಓದಿ ಹೇಳಿದರು.

ಇನ್ನು ಮುಂದೆ ನೀನೇ ಹೋಗಿ ಬಾ, ನಿನಗೆ ಬಸ್ಸು ಪುಕ್ಕಟೆ, ಅಂದರು. ಹೊಲ ಬಿಟ್ಟು ಅವರಿಗೂ ಬರಲಾಗುವುದಿಲ್ಲ. ನಾನು ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ರಜೆ ಹಾಕಿದರೆ ಅಷ್ಟು ದಿನದ ಸಂಬಳ ಹೋಗುತ್ತದೆ. ನನಗೆ ಸಿಗುವ ಬಿಡುವು ಅಂದರೆ ದಸರಾ ರಜೆ ಮತ್ತು ಬೇಸಿಗೆ ರಜೆ. ಬೇಸಿಗೆಯಲ್ಲಿ ಮಗಳೇ ಊರಿಗೆ ಬರುತ್ತಾಳೆ. ಉಳಿದದ್ದು ದಸರಾ. ದಸರಾದಲ್ಲಿ ಮೈಸೂರಿನ ಕೋಣೆಯ ಬಾಡಿಗೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

2024ರ ಅಕ್ಟೋಬರ್ ಮೊದಲ ವಾರ, ಒಂದು ರಾತ್ರಿ ಅವಳ ಫೋನು. “ಅಮ್ಮ, ನಾ ಊರಿಗೆ ಬಂದ್ಬಿಡ್ತೀನಿ. ನಂಗ ಇಲ್ಲಿ ಆಗವಲ್ದು.” ಏನಾಯಿತು ಅಂದರೆ ಏನೂ ಇಲ್ಲ ಅನ್ನುತ್ತಾಳೆ. ಮೊದಲ ವರ್ಷದ ಎರಡು ಪೇಪರು ಉಳಿದಿದ್ದವು, ಅದು ಗೊತ್ತಿತ್ತು. ಅದಷ್ಟೇ ಅಲ್ಲ ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು. ಮರುದಿನ ರೊಟ್ಟಿ ಬಡಿದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಪುಂಡಿಪಲ್ಯ ಕಟ್ಟಿಕೊಂಡು ಮಸ್ಕಿಯಲ್ಲಿ ಸಂಜೆ ಬಸ್ಸು ಹತ್ತಿದೆ. ಬೆಳಗ್ಗೆ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಅಪ್ಪನ ನೆನಪಾಯಿತು. ಅಪ್ಪ ಬೆಂಗಳೂರಿಗೆ ಬಂದಾಗಲೆಲ್ಲ ರೈಲ್ವೆ ಸ್ಟೇಷನ್ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರದಲ್ಲಿ ಇಳಿಯುತ್ತಿದ್ದ. 1903ರಲ್ಲಿ ಒಬ್ಬ ವ್ಯಾಪಾರಿ ದೂರದಿಂದ ಬಂದವರಿಗೆಂದು ತೆರೆದದ್ದು. ಪರಊರಿಗೆ ಹೋದರೆ ಮೊದಲು ಛತ್ರ ಎಲ್ಲೈತಿ ಕೇಳು ಅನ್ನುತ್ತಿದ್ದ. ಆ ಮಾತು ಮೈಸೂರು ಮುಟ್ಟುವಷ್ಟರಲ್ಲಿ ನನ್ನ ತಲೆಯಿಂದ ಹೋಗಿಬಿಟ್ಟಿತ್ತು.

ಮೊದಲು ಚೀಲ ಇಡಲಿಕ್ಕೊಂದು ಕೋಣೆ, ಆಮೇಲೆ ಹಾಸ್ಟೆಲ್ಲು ಅಂದುಕೊಂಡು ಗ್ರಾಮಾಂತರ ಬಸ್ ನಿಲ್ದಾಣದ ಸುತ್ತ ತಿರುಗಿದೆ. ಎರಡು ಕಡೆ ಖಾಲಿ ಇಲ್ಲ ಅಂದರು. ಮೂರನೆಯವರು 2500 ಅಂದರು. ನಾಲ್ಕನೆಯ ಕಡೆ 1200ರ ಕೋಣೆ ಇತ್ತು. ಕೌಂಟರಿನ ಹುಡುಗ ರಿಜಿಸ್ಟರ್ ತೆರೆದು ಪೆನ್ನು ಹಿಡಿದ. ಹೆಸರು, ವಯಸ್ಸು, ಊರು, ಬಂದ ಕಾರಣ. “ಜೊತೆಗೆ ಯಾರಿದ್ದಾರಮ್ಮ?” ಯಾರೂ ಇಲ್ಲ ಅಂದೆ. ಪೆನ್ನಿನ ಕ್ಯಾಪು ಹಾಕಿದ. “ಒಬ್ಬರೇ ಲೇಡೀಸ್‌ಗೆ ಕೊಡಲ್ಲಮ್ಮ. ಫ್ಯಾಮಿಲಿ ಇದ್ರೆ ಮಾತ್ರ.” ಮಗಳು ಇಲ್ಲೇ ಓದುತ್ತಾಳೆ, ನಾನು ಟೀಚರ್ ಅದೀನಿ, ಆಧಾರ್ ನೋಡ್ರಿ ಅಂತ ನಾನು ಒಂದೇ ಉಸಿರಿಗೆ ಹೇಳಿದೆ. ಅವನು ಒರಟಾಗಿ ಏನೂ ಅನ್ನಲಿಲ್ಲ. “ನೀವು ಆ ಕಡೆಯವ್ರಾ?” ಅಂತ ಕೇಳಿ ಪಕ್ಕದವನನ್ನು ನೋಡಿ ಸಣ್ಣಗೆ ನಕ್ಕ. ನನಗೆ ಸಿಟ್ಟು ಬಂದದ್ದು ಕೋಣೆ ಕೊಡದಿದ್ದಕ್ಕಲ್ಲ, ಆ ನಗುವಿಗೆ. ಎರಡು ಹೆಣ್ಣುಮಕ್ಕಳಿಗೆ ಪಾಠ ಹೇಳಿಸಿಕೊಟ್ಟು ದೂರ ಕಳಿಸಿದ ತಾಯಿ ನಾನು, ಒಂದು ರಾತ್ರಿ ಮಲಗಲು ನನಗೆ ಗಂಡಸಿನ ಸಾಕ್ಷಿ ಬೇಕಂತೆ.

ಹಾಸ್ಟೆಲ್ಲಿನಲ್ಲಿ ತಾಯಿ ಮಲಗುವಂತಿಲ್ಲ. ಭೇಟಿಯ ಕೋಣೆ ಸಂಜೆಯವರೆಗೆ ಅಷ್ಟೇ. ನಿಯಮ ಸರಿಯೇ ಇರಬಹುದು, ಇನ್ನೂರು ಹುಡುಗಿಯರಿದ್ದಾರೆ. ವಾರ್ಡನ್‌ಗೆ ಪತ್ರ ಬರೆದುಕೊಟ್ಟು ಮಗಳನ್ನು ನಾಲ್ಕು ದಿನಕ್ಕೆ ಹೊರಗೆ ಕರೆದುಕೊಂಡೆ. ಹೊರಗಿನಿಂದಲೇ ದಿನಾ ಕ್ಲಾಸಿಗೆ ಬರುತ್ತಾಳೆ ಅಂತ ಬರೆದೆ. ಅವಳು ಇಳಿದುಹೋಗಿದ್ದಳು. ಗೇಟಿನ ಹೊರಗೆ ನಿಂತು, ಈಗ ಎಲ್ಲಿಗೆ ಹೋಗೋಣ ಅಂದೆ. ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತ ತಟಕ್ಕನೆ ಅಂದಳು: “ನಂಜನಗೂಡಿಗೆ ಹೋಗೋಣು. ಗುಡಿ ಹತ್ರ ಯಾತ್ರಾದವ್ರಿಗೆ ಕೋಣಿ ಕೊಡ್ತಾರ. ಬಸ್ಸೂ ಫ್ರೀ.”

25 ಕಿಲೋಮೀಟರ್ ಒಳಗಿನ ದಾರಿ. ಅವಳು ಯಾರನ್ನೂ ಕೇಳದೆ ಬಸ್ಸು ಹತ್ತಿದಳು, ಯಾವ ಕಡೆ ಕುಳಿತರೆ ಬಿಸಿಲು ಬೀಳುವುದಿಲ್ಲ ಅಂತಲೂ ಅವಳಿಗೆ ಗೊತ್ತಿತ್ತು. ಇಳಿದು ತೇರಿನ ಬೀದಿ ಹಿಡಿದು ಒಂದು ಹಳೆಯ ಕಟ್ಟಡದ ಮುಂದೆ ನಿಲ್ಲಿಸಿದಳು. ಅಲ್ಲಿ ಕುಳಿತ ಹಿರಿಯರು ನಮ್ಮಿಬ್ಬರನ್ನು ಒಮ್ಮೆ ನೋಡಿ ರಿಜಿಸ್ಟರ್ ಎಳೆದುಕೊಂಡರು. 350 ರೂಪಾಯಿ, ಎರಡು ಚಾಪೆ, ಒಂದು ಫ್ಯಾನು, ನೀರು ಹೊರಗಿನ ನಲ್ಲಿಯದು. ಯಾರು ಜೊತೆಗಿದ್ದಾರೆ ಅಂತ ಕೇಳಲೇ ಇಲ್ಲ. ದೇವರ ಊರಿಗೆ ಹೆಂಗಸರು ತಾವೇ ಬರುವುದು ಅವರಿಗೆ ಹೊಸದಲ್ಲ. ‘ಬಂದ ಕಾರಣ’ದ ಕೆಳಗೆ, ಮೇಲಿನ ಸಾಲುಗಳಲ್ಲಿ ಇದ್ದಂತೆಯೇ, ‘ದರ್ಶನ’ ಅಂತ ತಾವೇ ಬರೆದುಕೊಂಡರು.

ರೊಟ್ಟಿ ಬಿಚ್ಚಿದೆ. ಅವಳು ಎರಡು ತಿಂದು ಮೂರನೆಯದಕ್ಕೆ ಕೈ ಹಾಕಿದಾಗ ಕೇಳಿದೆ, “ಈ ಹಾದಿ ನಿನಗ ಹೆಂಗ ಗೊತ್ತು?”

ಸುಮಾರು ಹೊತ್ತು ಸುಮ್ಮನಿದ್ದಳು. ಮೂರು ವಾರದಿಂದ ಅವಳು ಕ್ಲಾಸಿಗೆ ಹೋಗಿರಲಿಲ್ಲ. ಬೆಳಗ್ಗೆ ಎಲ್ಲರಂತೆ ಬ್ಯಾಗು ಹಾಕಿಕೊಂಡು ಹಾಸ್ಟೆಲ್ ಬಿಡುವುದು, ಬಸ್ಸು ಹತ್ತುವುದು. ಶ್ರೀರಂಗಪಟ್ಟಣ, ನಂಜನಗೂಡು, ಒಮ್ಮೊಮ್ಮೆ ಸುಮ್ಮನೆ ಸಿಟಿ ಬಸ್ಸಿನಲ್ಲಿ ಕೊನೆಯ ಸ್ಟಾಪಿನವರೆಗೆ. ಕಪಿಲೆಯ ಮೆಟ್ಟಿಲ ಮೇಲೆ ಕುಳಿತು ಮಧ್ಯಾಹ್ನ ಕಳೆಯುವುದು, ಸಂಜೆ ವಾಪಸ್. ಖರ್ಚಿಲ್ಲ, ಹಾಗಾಗಿ ಮನೆಗೆ ಲೆಕ್ಕವೂ ಬರುವುದಿಲ್ಲ. ಶುರುವಾದದ್ದು ಸಣ್ಣದರಿಂದ. ಕ್ಲಾಸಿನಲ್ಲಿ ಎದ್ದು ನಿಂತು ‘ಹಂಗಲ್ರೀ ಸರ್’ ಅಂದಿದ್ದಕ್ಕೆ ಹಿಂದಿನ ಬೆಂಚಿನವರು ನಕ್ಕರು. ಆಮೇಲೆ ಅವಳು ಬಾಯಿ ತೆರೆದಾಗಲೆಲ್ಲ ನಕ್ಕರು. ಪ್ರಶ್ನೆ ಕೇಳುವುದು ಬಿಟ್ಟಳು, ಪಾಠ ತಲೆಗೆ ಹೋಗುವುದು ನಿಂತಿತು, ಎರಡು ಪೇಪರು ಉಳಿದವು.

ಬೈಯಬೇಕು ಅಂತ ಬಾಯಿಗೆ ಬಂದಿತ್ತು. ಮಧ್ಯಾಹ್ನ ಆ ಕೌಂಟರಿನ ಮುಂದೆ ನಾನೂ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದು ಬಂದವಳೇ ಅಲ್ಲವೆ? ಅದನ್ನು ಹೇಳಿದೆ. ಹುಡುಗ ಹೇಗೆ ಪೆನ್ನಿನ ಕ್ಯಾಪು ಹಾಕಿದ ಅಂತ ಮಾಡಿ ತೋರಿಸಿದೆ. ಅವಳು ನಗಲಿಕ್ಕೆ ಹೋಗಿ ಅತ್ತಳು. ಫ್ಯಾನು ಕಟಕಟ ಸದ್ದು ಮಾಡುತ್ತಿತ್ತು, ಇಬ್ಬರಿಗೂ ನಿದ್ದೆ ಬರಲಿಲ್ಲ.

ಸೋಮವಾರ ಬೆಳಗ್ಗೆ ಅವಳ ಜೊತೆಗೆ ಬಸ್ಸಿನಲ್ಲಿ ಮೈಸೂರಿಗೆ ಬಂದೆ. ಕಾಲೇಜಿನ ಗೇಟಿನತನಕ ಬಿಟ್ಟು, ಎದುರಿನ ಚಹಾದಂಗಡಿಯ ಬೆಂಚಿನಲ್ಲಿ ಕುಳಿತೆ. ಮೊದಲ ದಿನ ಮಧ್ಯಾಹ್ನಕ್ಕೇ ಹೊರಗೆ ಬಂದಳು. ಏನೂ ಅನ್ನಲಿಲ್ಲ, ರೊಟ್ಟಿ ತಿನ್ನಿಸಿ ಮತ್ತೆ ಒಳಗೆ ಕಳಿಸಿದೆ. ಮಂಗಳವಾರ ಸಂಜೆತನಕ ಇದ್ದಳು. ಬುಧವಾರ ಚಹಾದಂಗಡಿಯವಳು ನನಗೆ ಕೇಳದೆಯೇ ಸಕ್ಕರೆ ಕಡಿಮೆ ಹಾಕಿ ಕೊಟ್ಟಳು. ಆಯುಧಪೂಜೆಗೆ ಊರಿಗೆ ಬಾ ಅಂದರೆ, ಬ್ಯಾಡ, ಹಾಸ್ಟೆಲ್ನಾಗ ಕುಂತು ಓದ್ತೀನಿ ಅಂದಳು. ಅದು ಓದಿಗೋ, ಊರಿಗೆ ಬಂದರೆ ವಾಪಸ್ ಬರಲಾಗದು ಅನ್ನುವ ಹೆದರಿಕೆಗೋ, ನಾನು ಕೆದಕಲಿಲ್ಲ. ಈಗ ಮೂರನೆಯ ವರ್ಷದಲ್ಲಿದ್ದಾಳೆ. ಒಂದು ಪೇಪರು ಇನ್ನೂ ಉಳಿದಿದೆ.

ನಾಲ್ಕು ರಾತ್ರಿಗೆ 1400 ರೂಪಾಯಿ. ಗುರುವಾರ ಬೆಳಗ್ಗೆ ಅವಳನ್ನು ಬಸ್ಸು ಹತ್ತಿಸಿ, ಒಬ್ಬಳೇ ವಾಪಸ್ ಬಂದು ಕೋಣೆ ಗುಡಿಸಿ, ಕೀಲಿ ಕೊಡಲು ಹೋದೆ. ಹಿರಿಯರು ಕೀಲಿಯನ್ನು ಮೊಳೆಗೆ ಸಿಕ್ಕಿಸುತ್ತ, “ದರ್ಶನ ಚೆನ್ನಾಗಾಯ್ತಾ ಅಮ್ಮ?” ಅಂದರು.

ಗುಡಿಯೊಳಗೆ ನಾನಿನ್ನೂ ಕಾಲಿಟ್ಟಿರಲಿಲ್ಲ. “ಆತ್ರಿ” ಅಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಚೀಲ ಅವರ ಹತ್ತಿರವೇ ಬಿಟ್ಟು, ಚಪ್ಪಲಿ ಎಲ್ಲಿ ಬಿಡಬೇಕು ಅಂತ ಕೇಳಿಕೊಂಡು ಗುಡಿಯ ಕಡೆ ನಡೆದೆ.