ಶೇಂಗಾ ಎಣ್ಣೆ ಮತ್ತು ಕೆಂಪು ಕಡ್ಡಿಗಳು

ನಮ್ಮ ಜತ್ತ ತಾಲೂಕಿನಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ, ಆಸ್ಪತ್ರೆಯ ವರದಿ ಇಂಗ್ಲಿಷ್. ಮೈಮೇಲೆ ಬಿಳಿಚಿದ ಮಚ್ಚೆ ಕಂಡರೆ ಕನ್ನಡದಲ್ಲಿ ತೊನ್ನೆಂದೂ ಮರಾಠಿಯಲ್ಲಿ ಕೋಡವೆಂದೂ ಕರೆದು ಸುಮ್ಮನಾಗುತ್ತಾರೆ. ಮಹಾರೋಗವೆಂಬ ಇನ್ನೊಂದು ಹೆಸರನ್ನು ಯಾರೂ ಬಾಯಿಗೆ ತಾರರು. ತೊನ್ನಿನಲ್ಲಿ ಸ್ಪರ್ಶಜ್ಞಾನ ಉಳಿದಿರುತ್ತದೆ. ಕುಷ್ಠದ ಮಚ್ಚೆ ಸಾಮಾನ್ಯವಾಗಿ ಮರಗಟ್ಟಿರುತ್ತದೆ.

1894ರಲ್ಲಿ ಡಾಕ್ಟರ್ ವಾನ್ಲೆಸ್ ಅವರು ಆಸ್ಪತ್ರೆ ತೆರೆದಂದಿನಿಂದ ಮಿರಜವು ವೈದ್ಯರ ಊರೆಂದೇ ಹೆಸರಾಗಿದೆ. ಆ ಊರಿನ ಒಂದು ಪ್ರಯೋಗಾಲಯದಲ್ಲಿ ಚರ್ಮದ ತುಣುಕುಗಳಿಗೆ ಬಣ್ಣ ಹಾಕುವುದೇ ನನ್ನ ಕಾಯಕವಾಗಿತ್ತು. ತುಣುಕನ್ನು ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಇನ್ನೂರನೆಯ ಒಂದು ಪಾಲಿನಷ್ಟು ತೆಳುವಾಗಿ ಕೊಯ್ದು, ಗಾಜಿಗೆ ಹತ್ತಿಸಿದ ಮೇಲೆ ಮೇಣವನ್ನು ಕರಗಿಸಬೇಕು. ತೊಡಕು ಇರುವುದು ಇಲ್ಲಿಯೇ. ಮೇಣ ಕರಗಿಸುವ ಝೈಲೀನು ಕುಷ್ಠಾಣುವಿನ ಹೊದಿಕೆಯ ಕೊಬ್ಬನ್ನೂ ತೊಳೆದುಬಿಡುತ್ತದೆ. ಕೊಬ್ಬು ಕಳೆದ ಅಣು ಬಣ್ಣವನ್ನು ಹಿಡಿದಿಡಲಾರದು. ಆದುದರಿಂದ ಫೈಟ್ ಎಂಬವರ ಹೆಸರಿನ ವಿಧಾನದಲ್ಲಿ ಝೈಲೀನಿಗೆ ಶೇಂಗಾ ಎಣ್ಣೆಯನ್ನು ಬೆರೆಸುತ್ತಾರೆ. ಹೌದು, ನಮ್ಮ ಒಗ್ಗರಣೆಯ ಎಣ್ಣೆಯೇ! ಬಳಿಕ ಕೆಂಪು ಫುಕ್ಸಿನ್, ತೆಳು ಗಂಧಕಾಮ್ಲ, ಕೊನೆಗೆ ಮೆಥಿಲೀನ್ ನೀಲಿ. ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡ ಆ ಅಣುಗಳು ನೀಲಿಯ ನಡುವೆ ಕೆಂಪು ಕಡ್ಡಿಗಳಾಗಿ ಎದ್ದು ಕಾಣುತ್ತವೆ.

ಎಲ್ಲರಲ್ಲಿಯೂ ಕಾಣವು. ಗ್ರಾಂ ಚರ್ಮದಲ್ಲಿ ಸುಮಾರು 10,000 ಅಣುಗಳಾದರೂ ಇಲ್ಲದಿದ್ದರೆ ಸೂಕ್ಷ್ಮದರ್ಶಕ ಬರಿಗೈಯಾಗುತ್ತದೆ. ಈ ಅಣುವನ್ನು ಕೃತಕ ಆಹಾರದಲ್ಲಿ ಬೆಳೆಸಲೂ ಬಾರದು. ಈಗ ಪಿಸಿಆರ್ ಬಂದಿದೆ. ಅಣುವಿನ ಡಿಎನ್‌ಎಯ ಒಂದು ತುಣುಕನ್ನು ಲಕ್ಷಾಂತರ ಪ್ರತಿ ಮಾಡಿ ಗುರುತಿಸುತ್ತದೆ. ಆದರೂ ಅಣು ತೀರ ಕಡಿಮೆಯಿದ್ದಲ್ಲಿ ಅದೂ ಸೋಲುವುದುಂಟು. ಯಂತ್ರಕ್ಕಿಂತ ಮೊದಲು ಬೆರಳಿನಿಂದ ಮುಟ್ಟಿ ನೋಡುವ ವೈದ್ಯರನ್ನೇ ನಾನು ಹೆಚ್ಚು ನಂಬುತ್ತೇನೆ.

ಉಮದಿಯ ಕಡೆಯ ತಾಯಿಯೊಬ್ಬರು ಮಗಳನ್ನು ಕರೆತಂದಿದ್ದರು. ಹುಡುಗಿಯ ಮುಂಗೈಯಲ್ಲಿ ಮರಗಟ್ಟಿದ ಮಚ್ಚೆ. ಮದುವೆಯ ಮಾತುಕತೆ ನಡೆದಿತ್ತು. ಕನ್ನಡ ಕೇಳಿದೊಡನೆ ಆ ತಾಯಿ ನನ್ನ ಬಾಗಿಲಿಗೇ ಬಂದರು.

“ಅಣ್ಣಾರ, ಕೆಂಪ ಬಂತೇನ್ರಿ?”

ಕೆಂಪು ಬಂದಿರಲಿಲ್ಲ. ಆದರೆ ಸಾಮಾನ್ಯ ಗುಲಾಬಿ-ನೀಲಿ ಬಣ್ಣದ ಗಾಜಿನಲ್ಲಿ ನರದ ಸುತ್ತ ಜೀವಕೋಶಗಳು ಗಂಟುಕಟ್ಟಿ ನಿಂತಿದ್ದವು. ವೈದ್ಯರಿಗೆ ಅಷ್ಟು ಸಾಕಾಯಿತು. ಅವರು ತಾಯಿಯನ್ನು ಕೂಡಿಸಿಕೊಂಡು, ಇದು ಕುಷ್ಠವೇ, ಆದರೆ ಆರು ತಿಂಗಳ ಗುಳಿಗೆಯಿಂದ ಗುಣವಾಗುವಂಥದು, ಗುಳಿಗೆಗೆ ದುಡ್ಡಿಲ್ಲ ಎಂದು ತಿಳಿಸಿದರು. ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ. ಆಕೆ ಬಹಳ ಹೊತ್ತು ಸೆರಗಿನ ಅಂಚನ್ನು ಹೊಸೆಯುತ್ತ ಕುಳಿತರು. ಬೀಗರಿಗೆ ಏನು ಹೇಳಬೇಕೆಂಬುದಕ್ಕೆ ನಮ್ಮಲ್ಲಿ ಯಾವ ಬಣ್ಣವೂ ಇರಲಿಲ್ಲ.

ಆರು ತಿಂಗಳೂ ತಾಯಿಮಗಳು ತಪ್ಪದೆ ಬಂದರು. ಕೊನೆಯ ಸಲ ಬಂದಾಗ ಮೇಜಿನ ಮೇಲಿನ ಸೀಸೆಯನ್ನು ಕಂಡು ಆಕೆ ಏನೆಂದು ಕೇಳಿದರು. ಹೇಳಿದೆ.

“ಶೇಂಗಾದೆಣ್ಣಿ? ಮೊದಲ ಹೇಳಿದ್ರ ನಮ್ಮ ಗಾಣದ್ದ ತರತಿದ್ದೆನಲ್ರಿ!” ಎಂದು ನಕ್ಕರು.