ಬಾಡಿಗೆಯ ಮನೆಯ ತಂತಿಗಳು

ಬಾಡಿಗೆಯ ಮನೆಯನ್ನು ನೋಡಲು ಹೋಗುವ ಗೃಹಸ್ಥರು ನೀರು ಎಷ್ಟು ಹೊತ್ತಿಗೆ ಬರುವುದೆಂದು ಕೇಳುತ್ತಾರೆ. ತಲೆಬಾಗಿಲು ಯಾವ ದಿಕ್ಕಿಗಿದೆಯೆಂದು ನೋಡುತ್ತಾರೆ. ಗೃಹಿಣಿಯಾದವಳು ಅಡುಗೆಮನೆಯ ಕಟ್ಟೆಯ ಎತ್ತರವನ್ನೂ ಒಗೆಯುವ ಕಲ್ಲಿನ ಜಾಗವನ್ನೂ ಪರೀಕ್ಷಿಸುತ್ತಾಳೆ. ಸ್ವಿಚ್ಚನ್ನು ಒತ್ತಿದಾಗ ದೀಪ ಹತ್ತಿತೆಂದರೆ ವಿದ್ಯುತ್ತಿನ ವಿಚಾರ ಅಲ್ಲಿಗೆ ಮುಗಿಯಿತು. ದೀಪವು ಹತ್ತುವುದಕ್ಕೂ ತಂತಿಗಳು ಸರಿಯಾಗಿರುವುದಕ್ಕೂ ಸಂಬಂಧವು ಬಹಳ ಅಲ್ಪವೆಂಬುದು ಆಗ ಯಾರ ಮನಸ್ಸಿಗೂ ಹೊಳೆಯುವುದಿಲ್ಲ.

ಮೈಸೂರು ಸೀಮೆಯಲ್ಲಿ ವಿದ್ಯುತ್ತು ಹೊಸದೇನೂ ಅಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ಶಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು; 1905ರಲ್ಲಿ ಬೆಂಗಳೂರಿಗೂ, 1908ರಲ್ಲಿ ಮೈಸೂರು ನಗರಕ್ಕೂ ಬೆಳಕಾಗಿ ಬಂದಿತು. ಆದುದರಿಂದಲೇ ಈ ಊರುಗಳ ಹಳೆಯ ಬಡಾವಣೆಗಳಲ್ಲಿ ಒಂದೇ ಮನೆಯೊಳಗೆ ಎರಡು ಮೂರು ತಲೆಮಾರಿನ ತಂತಿಗಳು ಕೂಡಿ ಸಂಸಾರ ಮಾಡುತ್ತಿರುವುದುಂಟು. ನಡುಮನೆಯಲ್ಲಿ ತೇಗದ ಪಟ್ಟಿಯ ಮೇಲೆ ಓಡುವ, ಬಟ್ಟೆ ಸುತ್ತಿದ ರಬ್ಬರಿನ ತಂತಿ. ಅದಕ್ಕೆ ಗಂಟುಹಾಕಿ ಮುಂದೆ ಎಳೆದ ಪ್ಲಾಸ್ಟಿಕ್ಕಿನ ತಂತಿ. ಮಗಳ ಮದುವೆಗೋ ಮಹಡಿಯ ಗೃಹಪ್ರವೇಶಕ್ಕೋ ಅವಸರದಲ್ಲಿ ಸೇರಿಸಿದ ಇನ್ನೊಂದು ಕವಲು. ಇವುಗಳ ನಕ್ಷೆ ಎಲ್ಲಿಯೂ ಇಲ್ಲ. ಅದು ಆಯಾ ಕಾಲದ ಮಿಸ್ತ್ರಿಯ ತಲೆಯಲ್ಲಿದ್ದಿತು, ಮಿಸ್ತ್ರಿಯೊಡನೆಯೇ ಹೊರಟುಹೋಯಿತು.

ಮೈಸೂರಿನ ಇಂತಹದೊಂದು ಮನೆಗೆ ಕಾಲೇಜಿನ ಅಧ್ಯಾಪಕರೊಬ್ಬರು ಸಂಸಾರಸಮೇತರಾಗಿ ಬಂದರು. ಬಂದ ಎಂಟು ದಿನಕ್ಕೆ ಅವರ ವೃದ್ಧ ತಾಯಿ, “ಬಚ್ಚಲ ನಲ್ಲಿ ಕಚ್ಚುತ್ತದೆ ಕಣೋ” ಎಂದರು. ಮಗ ಮುಟ್ಟಿ ನೋಡಿದ, ಏನೂ ಇಲ್ಲ. ಸೊಸೆ ಮುಟ್ಟಿ ನೋಡಿದಳು, ಏನೂ ಇಲ್ಲ. ಬಿಸಿನೀರಿನ ಗೀಸರಿನ ಮೇಲೆ ಸಂಶಯವುಂಟಾಗಿ ಅದನ್ನು ಆರಿಸಿದರು. ಮುದುಕಮ್ಮನವರಿಗೆ ಆಗಲೂ ಕಚ್ಚಿತು. ವಯಸ್ಸಾದವರ ನರಗಳು ದುರ್ಬಲವೆಂದು ತೀರ್ಮಾನವಾಗಿ ವೈದ್ಯರಿಂದ ಮಾತ್ರೆಗಳು ಬಂದುವು. ಮಿಕ್ಕವರು ಬಚ್ಚಲಿಗೂ ರಬ್ಬರಿನ ಚಪ್ಪಲಿ ಮೆಟ್ಟಿ ಹೋಗುವವರು. ಮಡಿಯ ಮುದುಕಮ್ಮನವರೊಬ್ಬರೇ ಒದ್ದೆ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಲ್ಲುವವರು. ಈ ಭೇದವನ್ನು ಯಾರೂ ಗಮನಿಸಲಿಲ್ಲ. ಮನೆಯಲ್ಲಿ ಹಿರಿಯರ ಮಾತಿಗೆ ಗೌರವ ಸಲ್ಲುತ್ತದೆ, ನಂಬಿಕೆ ಸಲ್ಲುವುದಿಲ್ಲ.

ಮಾತ್ರೆಗಳು ಮುಗಿದರೂ ನಲ್ಲಿ ಕಚ್ಚುವುದು ನಿಲ್ಲದಿರಲು ಮಿಸ್ತ್ರಿಯನ್ನು ಕರೆಸಿದರು. ಆತನು ಟೆಸ್ಟರಿನ ತುದಿಯನ್ನು ನಲ್ಲಿಗೆ ತಾಗಿಸಿದನು. ಅದರ ದೀಪ ಹತ್ತಿಕೊಂಡಿತು. ಆಮೇಲೆ ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿ, ಒಂದು ತುದಿಯನ್ನು ಫೇಸಿಗೂ ಇನ್ನೊಂದನ್ನು ಸಾಕೆಟ್ಟಿನ ಮೂರನೆಯ ರಂಧ್ರಕ್ಕೂ ಕೊಟ್ಟನು. ಭೂಸಂಪರ್ಕವು ಚೆನ್ನಾಗಿದ್ದರೆ ಬಲ್ಬು ಪ್ರಕಾಶವಾಗಿ ಉರಿಯಬೇಕು. ಅದು ಕಣ್ಣು ಬಿಡಲೇ ಇಲ್ಲ. ಆ ರಂಧ್ರದ ಹಸಿರು ತಂತಿಯನ್ನು ಹಿಂಬಾಲಿಸಿದಾಗ ಅದು ನೆಲಕ್ಕೆ ಇಳಿಯದೆ ಬಚ್ಚಲ ಗೋಡೆಯ ಕಬ್ಬಿಣದ ಕೊಳಾಯಿಗೆ ಸುತ್ತಿಕೊಂಡಿದ್ದಿತು.

ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲವೆಂಬುದೇ ವಿಶೇಷ. ಕೊಳಾಯಿಗೆ ತಂತಿ ಸುತ್ತಿದ ಕಾಲದಲ್ಲಿ ಆ ಕಬ್ಬಿಣವು ನೆಲದೊಳಗೆ ಬಹುದೂರ ಹೋಗಿದ್ದಿತು. ಕ್ರಮವಲ್ಲದಿದ್ದರೂ ಕೆಲಸ ನಡೆಯುತ್ತಿದ್ದಿತು. ಮುಂದೆ ತುಕ್ಕು ಹಿಡಿದುದೆಂದು ನೆಲದೊಳಗಿನ ಭಾಗವನ್ನು ತೆಗೆದು ಪ್ಲಾಸ್ಟಿಕ್ಕಿನ ಕೊಳಾಯಿ ಹಾಕಿದರು. ನೀರಿಗೆ ಅದು ಉತ್ತಮವೇ. ವಿದ್ಯುತ್ತಿಗೆ ಮಾತ್ರ ಭೂಮಿಯ ದಾರಿ ಕಡಿದುಹೋಯಿತು. ಗೀಸರಿನ ಕಾಯಿಲ್ ಹಳತಾಗಿ ಸೋರತೊಡಗಿದಾಗ ಆ ಸೋರಿಕೆಯು ಹಸಿರು ತಂತಿಯ ಮೂಲಕ ಮನೆಯ ನಲ್ಲಿಗಳಿಗೆಲ್ಲ ಹರಡಿತು. ಆರಿಸಿದರೂ ಕಚ್ಚಿದುದಕ್ಕೆ ಕಾರಣ ಬೇರೊಂದು: ಸ್ವಿಚ್ಚನ್ನು ಫೇಸಿನ ತಂತಿಯಲ್ಲಿ ಕೂರಿಸುವ ಬದಲು ನ್ಯೂಟ್ರಲ್ಲಿನಲ್ಲಿ ಕೂರಿಸಿದ್ದರು. ಗೀಸರಿನ ಕೆಂಪು ದೀಪ ಆರುತ್ತಿದ್ದಿತು. 230 ವೋಲ್ಟು ಒಳಗೆ ಎಚ್ಚರವಾಗಿಯೇ ಇರುತ್ತಿದ್ದಿತು. ಫ್ಯೂಸಿನಲ್ಲಿ ತೆಳ್ಳನೆಯ ಎಳೆಯ ಬದಲು ದಪ್ಪ ತಾಮ್ರದ ತಂತಿಯನ್ನು ಬಿಗಿದುದು ಸಾಲದುದಕ್ಕೆ.

ಮನೆಯ ಯಜಮಾನರು ಪಕ್ಕದ ಭಾಗದಲ್ಲಿಯೇ ವಾಸವಾಗಿದ್ದರು. “ಮೂವತ್ತು ವರ್ಷದಿಂದ ಈ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ, ಮೇಷ್ಟ್ರೇ” ಎಂದರು. ಅದು ಸುಳ್ಳಲ್ಲ. 1882ರ ಆಸ್ತಿ ವರ್ಗಾವಣೆಯ ಕಾಯಿದೆಯ 108ನೆಯ ಪ್ರಕರಣವು, ಬಾಡಿಗೆದಾರನು ಸಾಧಾರಣ ಎಚ್ಚರಿಕೆಯಿಂದ ಕಂಡುಹಿಡಿಯಲಾರದ ದೋಷವನ್ನು ಯಜಮಾನನು ತಾನಾಗಿ ತಿಳಿಸಬೇಕೆನ್ನುತ್ತದೆ. ಆದರೆ ತನಗೆ ಗೊತ್ತಿರುವುದನ್ನು ಮಾತ್ರ. ಇಲ್ಲಿ ಯಜಮಾನರಿಗೇ ಗೊತ್ತಿಲ್ಲ. ಕರಾರುಪತ್ರದಲ್ಲಿ ಎರಡು ಫ್ಯಾನು, ಐದು ಟ್ಯೂಬ್‌ಲೈಟು, ಒಂದು ಕರೆಗಂಟೆ ಎಂದು ಲೆಕ್ಕವಿದ್ದಿತೇ ಹೊರತು, ಜೀವ ಕಾಯುವ ತಂತಿಯ ಸುದ್ದಿಯೇ ಇರಲಿಲ್ಲ.

ಮಾತು ಬೆಳೆಯುವ ಹಾಗಿದ್ದಿತು. ಅಷ್ಟರಲ್ಲಿ ಯಜಮಾನರ ಹೆಂಡತಿ ಒಳಗಿನಿಂದ ಬಂದು, ತಮ್ಮ ಅಡುಗೆಮನೆಯ ನಲ್ಲಿಯೂ ಒಮ್ಮೊಮ್ಮೆ ಜುಮ್ಮೆನ್ನುವುದೆಂದೂ, ಹೇಳಿದರೆ ನಗುವಿರೆಂದು ಸುಮ್ಮನಿದ್ದೆನೆಂದೂ ಹೇಳಿದರು. ಎರಡು ಭಾಗಗಳಿಗೂ ಕೊಳಾಯಿ ಒಂದೇ. ಯಜಮಾನರು ಮತ್ತೆ ಮಾತನಾಡಲಿಲ್ಲ.

ಮರುದಿನವೇ ಹಿತ್ತಿಲಿನಲ್ಲಿ ಗುಂಡಿ ತೋಡಿ, ಕಬ್ಬಿಣದ ಕೊಳವೆಯನ್ನು ಇಳಿಸಿ, ಸುತ್ತ ಇದ್ದಿಲನ್ನೂ ಉಪ್ಪನ್ನೂ ತುಂಬಿ, ಹಸಿರು ತಂತಿಯನ್ನು ಅದಕ್ಕೆ ಸೇರಿಸಿದರು. ಹಳೆಯ ಕೊಳಾಯಿಯನ್ನೂ ಜೋಡಿಸಿದರು. ಸ್ವಿಚ್ಚು ಫೇಸಿಗೆ ಬಂದಿತು. ಗೀಸರಿಗೆ ಹೊಸ ಕಾಯಿಲ್ ಬಂದಿತು. 30 ಮಿಲಿ ಆಂಪಿಯರಿನಷ್ಟು ಸೋರಿಕೆಯಾದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕರೆಂಟನ್ನು ಕಡಿಯುವ ಪೆಟ್ಟಿಗೆಯೊಂದನ್ನು ಮೀಟರಿನ ಬಳಿ ಕೂರಿಸಿದರು. ಗುಂಡಿಯ ಖರ್ಚು ಯಜಮಾನರದು, ಪೆಟ್ಟಿಗೆಯದು ಅಧ್ಯಾಪಕರದು ಎಂದಾಯಿತು. ಮುದುಕಮ್ಮನವರು ಮಾತ್ರ ಒಂದು ವಾರದವರೆಗೆ ನಲ್ಲಿಯನ್ನು ತಿರುಗಿಸುವ ಮೊದಲು ಬೆರಳಿನ ಹಿಂಬದಿಯಿಂದ ಮೆಲ್ಲನೆ ಮುಟ್ಟಿ ನೋಡುತ್ತಿದ್ದರು.

ಬೇಸಿಗೆಯಲ್ಲಿ ಗುಂಡಿ ಒಣಗದಂತೆ ಆಗಾಗ ಒಂದು ಕೊಡ ನೀರು ಹೊಯ್ಯಬೇಕೆಂದು ಮಿಸ್ತ್ರಿಯು ಹೇಳಿಹೋಗಿದ್ದಾನೆ. ಹೊಯ್ಯತಕ್ಕವರು ಯಾರೆಂಬುದನ್ನು ಕರಾರುಪತ್ರದಲ್ಲಿ ಇನ್ನೂ ಬರೆದಿಲ್ಲ.