ಒಣಗಬಾರದ ಖಂಡ, ಒಣಗಿರಬೇಕಾದ ಹಬೆ

ಭಾನುವಾರ, ರಾತ್ರಿ

ಮೇಲಿನ ಮನೆಯ ಅಕ್ಕ ಸ್ಟೀಲ್ ಡಬ್ಬಿ ಕೊಟ್ಟು ಹೋದರು. ಅವರ ತವರು ಕೊಡಗಿನ ವಿರಾಜಪೇಟೆ ಕಡೆ. ಅಲ್ಲಿಂದ ಬಂದ ಹಂದಿಮಾಂಸ. ಒಲೆಯ ಮೇಲೆ ತೂಗುಹಾಕಿ ದಿನಗಟ್ಟಲೆ ಹೊಗೆ ಹಿಡಿಸಿದ್ದು. ಅದನ್ನು ನೆನೆಹಾಕಿ, ಕಾಳುಮೆಣಸು, ಹುಳಿಗೆ ಕಾಚಂಪುಳಿ ಹಾಕಿ ಬೇಯಿಸಿದ್ದಾರೆ. ಕಾಲುಭಾಗ ತಿಂದೆ, ಉಳಿದದ್ದು ಫ್ರಿಜ್ಜಿಗೆ.

"ಹೊರಗೆ ಇಡಬೇಡಿ ಸರ್, ಇದು ನಮ್ಮೂರಲ್ಲ" ಅಂದಿದ್ದರು. ಸರಿಯೇ. ಬೇಯಿಸಿದ ಮಾಂಸ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು, ಸೆಖೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬುದು ಆಹಾರ ಸುರಕ್ಷತೆಯ ಲೆಕ್ಕ. ರಾಯಚೂರಿನ ಬೇಸಿಗೆಯಲ್ಲಿ ಎರಡು ಗಂಟೆಯ ಮಾತೇ ಇಲ್ಲ.

ಸೋಮವಾರ, ಮಧ್ಯಾಹ್ನ

ಮೈಕ್ರೊವೇವ್, ಎರಡು ನಿಮಿಷ. ಒಳಗೆ ಚಟಪಟ ಸಿಡಿಯಿತು. ತೆಗೆದರೆ ಅಂಚು ಕಟ್ಟಿಗೆ, ನಡು ತಣ್ಣಗೆ. ನಿನ್ನೆ ಬೆರಳಲ್ಲಿ ಬಿಡಿಸಿಕೊಳ್ಳುತ್ತಿದ್ದ ಎಳೆ ಇವತ್ತು ಹಲ್ಲಿಗೆ ಜಗ್ಗಿತು. ತಟ್ಟೆಯಲ್ಲಿ ಎರಡು ಚಮಚೆಯಷ್ಟು ಕಂದು ನೀರು. ನಾನಂತೂ ನೀರು ಹಾಕಿರಲಿಲ್ಲ. ಮತ್ತೆ ಎಲ್ಲಿಂದ ಬಂತು?

ಅದೇ ದಿನ, ರಾತ್ರಿ

ನೀರು ಕಡಿಮೆಯಾಗಿಯೇ ಒಣಗಿತು ಅಂತ ನಾಲ್ಕು ತುಂಡು ನೀರಿನಲ್ಲಿ ಮುಳುಗಿಸಿ ಕೊತಕೊತ ಕುದಿಸಿದೆ. ಇನ್ನೂ ಒಣಗಿತು! ಹೊಗೆಯ ವಾಸನೆಯೆಲ್ಲ ನೀರಿಗೆ ಹೋಯಿತು, ತುಂಡುಗಳು ಹಿಂಡಿದ ಬಟ್ಟೆಯಂತೆ ಬಿದ್ದಿದ್ದವು.

ಓದಿ ನೋಡಿದರೆ ಹಿಂಡಿದ ಬಟ್ಟೆ ಎಂಬುದು ಬರೀ ಹೋಲಿಕೆಯಲ್ಲ. ಬಿಸಿ 65 ಡಿಗ್ರಿ ದಾಟುತ್ತಿದ್ದ ಹಾಗೆ ಮಾಂಸದ ಎಳೆಗಳು ಬಿಗಿದು ಕುಗ್ಗುತ್ತವೆ, ಒಳಗಿನ ನೀರನ್ನು ಹೊರಗೆ ನೂಕುತ್ತವೆ. ಹೊರಗೆ ಕೃಷ್ಣಾ ನದಿಯೇ ಇದ್ದರೂ ಅಷ್ಟೆ, ಬಿಗಿದ ಎಳೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಧ್ಯಾಹ್ನದ ಎರಡು ಚಮಚೆಯ ಲೆಕ್ಕ ಈಗ ಸಿಕ್ಕಿತು. ಆದರೆ ಹೊಸ ತೊಡಕು ಶುರುವಾಯಿತು. ಉಳಿದ ಮಾಂಸ ತಿನ್ನಲು 74 ಡಿಗ್ರಿ ಮುಟ್ಟಿಸಬೇಕು ಅಂತಲೂ ಅದೇ ಸುರಕ್ಷತೆಯವರು ಹೇಳುತ್ತಾರೆ. ಅಡುಗೆಯವರಿಗೆ 65 ಬೇಕು, ಡಾಕ್ಟರಿಗೆ 74.

ಮಂಗಳವಾರ, ಬೆಳಗಿನ ವಾಕಿಂಗ್

ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಇಷ್ಟು ಚಿಮಣಿಗಳಿರುವ ಊರಲ್ಲಿ ಹೊಗೆ ಹಿಡಿಸಿದ ಮಾಂಸ ಯಾಕಿಲ್ಲ? ದಡ್ಡ ಪ್ರಶ್ನೆ, ಗೊತ್ತು. ರುಚಿ ಕೊಡುವುದು ಕಟ್ಟಿಗೆಯ ಹೊಗೆ, ಕಲ್ಲಿದ್ದಲದ್ದಲ್ಲ. ಕಟ್ಟಿಗೆಯ ಲಿಗ್ನಿನ್ ಹೊಗೆಯಾಡುವಾಗ ಹುಟ್ಟುವ ಫೀನಾಲ್‌ಗಳೇ ಆ ಪರಿಮಳ. ಕೊಬ್ಬು ಕಮಟು ಹಿಡಿಯುವುದನ್ನು ತಡೆಯುವುದೂ ಅವೇ. ಹಾಗಾಗಿಯೇ ಅಕ್ಕನ ಮಾಂಸಕ್ಕೆ ಎರಡನೇ ದಿನವೂ ತಂಗಳು ನಾತ ಬಂದಿರಲಿಲ್ಲ.

ಆದರೂ ಯಾಕಿಲ್ಲ? ಬಿಸಿಲು ಇದೆಯಲ್ಲ, ಅದಕ್ಕೇ ಇಲ್ಲ. ಬಕ್ರೀದ್ ಆದ ಮೇಲೆ ರಾಯಚೂರಿನ ಮಾಳಿಗೆಗಳಲ್ಲಿ ಉಪ್ಪು, ಅರಿಷಿಣ ಸವರಿದ ಖಂಡದ ಪಟ್ಟಿಗಳು ಹಗ್ಗದ ಮೇಲೆ ಒಣಗುತ್ತವೆ. ಮೇ ತಿಂಗಳಲ್ಲಿ 40 ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಕೊಡಗಿನಲ್ಲಿ ತಿಂಗಳುಗಟ್ಟಲೆ ಮಳೆ. ಹಗ್ಗಕ್ಕೆ ಹಾಕಿದ್ದು ಒಣಗುವ ಮೊದಲೇ ಕೊಳೆತೀತು. ಅಲ್ಲಿ ಒಲೆಯೇ ಸೂರ್ಯ.

ಬಿಸಿಲಿಗೆ ಒಣಗಿಸಿದ್ದನ್ನು ಮತ್ತೆ ಅಡುಗೆಗೆ ತರುವ ರೀತಿಯೇ ಬೇರೆ: ಬಿಸಿನೀರಲ್ಲಿ ನೆನೆಹಾಕು, ಕಲ್ಲಿನಿಂದ ಜಜ್ಜು, ಪುಂಡಿಪಲ್ಯದ ಜೊತೆ ಬೇಯಿಸು. ನನ್ನ ಡಬ್ಬಿಯಲ್ಲಿರುವುದು ಒಮ್ಮೆ ಬೆಂದು ಮೆತ್ತಗಾದದ್ದು. ಅದಕ್ಕೆ ಜಜ್ಜುವ ಮದ್ದು ನಡೆಯದು.

ಮಂಗಳವಾರ, ಸಂಜೆ

ಪಕ್ಕದ ಮನೆಯವರು ಟರ್ಬೈನ್ ಕಡೆ ಶಿಫ್ಟ್ ಮಾಡುವವರು. ಬಿಸಿ ಮಾಡೋದು ಹೇಗೆ ಅಂತ ಕೇಳಿದರೆ ಬಾಯ್ಲರ್ ಕಥೆ ತೆಗೆದರು. ಇಲ್ಲಿ ಮೊದಲ ಯೂನಿಟ್ ನಡೆದದ್ದು 1985ರಲ್ಲಿ. ಈಗ ಎಂಟು, ಒಟ್ಟು 1720 ಮೆಗಾವಾಟ್. 210 ಮೆಗಾವಾಟಿನ ಯೂನಿಟ್ಟಿನಲ್ಲಿ ಹಬೆ ಸುಮಾರು 540 ಡಿಗ್ರಿಯಲ್ಲಿ ಹೈ ಪ್ರೆಶರ್ ಟರ್ಬೈನಿಗೆ ಹೋಗಿ, 350ರ ಆಸುಪಾಸಿಗೆ ಇಳಿದು ಹೊರಬೀಳುತ್ತದಂತೆ. ಅದನ್ನು ಮತ್ತೆ ಬಾಯ್ಲರಿಗೆ ಕಳಿಸಿ, ರೀಹೀಟರ್ ಕೊಳವೆಗಳಲ್ಲಿ ಪುನಃ 540ರ ಹತ್ತಿರಕ್ಕೆ ಕಾಯಿಸುತ್ತಾರೆ.

"ಯಾಕ್ರೀ?" ಅಂದೆ.

"ಹಸಿ ಆಗಬಾರದಲ್ರೀ ಸರ್. ಕಡೀ ಬ್ಲೇಡಿನ ಹತ್ರ ಹನಿ ಕಟ್ಟಿದ್ರ ಬ್ಲೇಡೇ ತಿಂದ್ ಹಾಕ್ತಾವ."

ಎಂಟು ಯೂನಿಟ್ಟಿನ ಊರು ಒಣಗಿರಲಿ ಅಂತ ಮತ್ತೆ ಕಾಯಿಸುತ್ತದೆ; ನಾನೊಬ್ಬ ಹಸಿ ಇರಲಿ ಅಂತ ಕಾಯಿಸುತ್ತಿದ್ದೇನೆ. ಹಾಗಾದರೆ ಅವರು ಮಾಡುವುದರ ಉಲ್ಟಾ ಮಾಡಬೇಕು: ಕಡಿಮೆ ಬಿಸಿ, ಹಸಿ ಹಬೆ.

ಬುಧವಾರ, ಮಧ್ಯಾಹ್ನ

ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ಈ ಸಲ ಸರಿಯಾಗಿ ನೋಡಿದೆ. ರಸ ನಡುಗುವ ಗಟ್ಟಿಯಾಗಿ ತುಂಡುಗಳನ್ನು ಅಪ್ಪಿಕೊಂಡಿದೆ, ಮೇಲೆ ಬಿಳಿ ಕೊಬ್ಬಿನ ಪೊರೆ. ಆ ಗಟ್ಟಿ ಎಂದರೆ ಜೆಲಟಿನ್, ಭಾನುವಾರ ನಿಧಾನಕ್ಕೆ ಬೇಯುವಾಗ ಮಾಂಸದ ಎಳೆಗಳನ್ನು ಹಿಡಿದಿಡುವ ನಾರು ಕರಗಿ ಆದದ್ದು. ಸೋಮವಾರ ಎರಡು ಸಲವೂ ನಾನು ತುಂಡು ಮಾತ್ರ ಆರಿಸಿಕೊಂಡು ಇದನ್ನು ಡಬ್ಬಿಯಲ್ಲೇ ಬಿಟ್ಟಿದ್ದೆ. ಬುದ್ಧಿವಂತ.

ದಪ್ಪ ತಳದ ಪಾತ್ರೆ, ಗಟ್ಟಿ ಸಮೇತ ತುಂಡುಗಳು, ಒಂದು ಚಮಚೆ ನೀರು, ಬಿಗಿ ಮುಚ್ಚಳ, ಗ್ಯಾಸ್ ಸಿಮ್‌ನಲ್ಲಿ. ನಾಲ್ಕು ನಿಮಿಷಕ್ಕೆ ಗಟ್ಟಿ ಕರಗಿ ತುಂಡಿನ ಸುತ್ತ ಹೊಳೆಯತೊಡಗಿತು. ಥರ್ಮಾಮೀಟರ್ ಚುಚ್ಚಿ ನೋಡುತ್ತಾ ಇದ್ದೆ: 58, 66, 71. 75 ತೋರಿಸಿದ ಕೂಡಲೇ ಆರಿಸಿಬಿಟ್ಟೆ. ಎಳೆ ಒಂದಿಷ್ಟು ಬಿಗಿದಿತ್ತು ನಿಜ, ಆದರೆ ಕರಗಿದ ಜೆಲಟಿನ್ನೂ ಕೊಬ್ಬೂ ಮೆತ್ತಿಕೊಂಡು ಬಾಯಿಗೆ ಅದು ಗೊತ್ತಾಗಲಿಲ್ಲ. ಡಾಕ್ಟರಿಗೂ ಅಡುಗೆಯವರಿಗೂ ರಾಜಿಯಾಯಿತು. ಅಲ್ಲೇ ಕುದಿಯಲು ಬಿಟ್ಟಿದ್ದರೆ ಮತ್ತೆ ಸೋಮವಾರದ ಕಥೆ.

ಬುಧವಾರ, ರಾತ್ರಿ

ಈ ಸಾಧನೆ ಹೇಳಿಕೊಳ್ಳಲು ಥರ್ಮಾಮೀಟರ್ ಸಮೇತ ಮೇಲಿನ ಮನೆಗೆ ಹೋದೆ. ಅಕ್ಕ ಊಟಕ್ಕೆ ಕೂತಿದ್ದರು. ಕೊಡಗಿನವರ ಮನೆಯಲ್ಲಿ ಅಕ್ಕಿರೊಟ್ಟಿ ಅಂದುಕೊಂಡರೆ, ತಟ್ಟೆಯಲ್ಲಿ ನಮ್ಮ ಜೋಳದ ರೊಟ್ಟಿ, ಹಂಚಿನಿಂದ ಆಗಷ್ಟೇ ಇಳಿಸಿದ್ದು, ಇನ್ನೂ ಉಬ್ಬಿಯೇ ಇತ್ತು. ಫ್ರಿಜ್ಜಿನ ಮಾಂಸವನ್ನು ಬಿಸಿಯೇ ಮಾಡಿರಲಿಲ್ಲ. ತಣ್ಣಗಿದ್ದದ್ದನ್ನು ಬೆರಳಲ್ಲಿ ಎಳೆಎಳೆಯಾಗಿ ಬಿಡಿಸಿ ಉಬ್ಬಿದ ರೊಟ್ಟಿಯ ಪದರ ಸೀಳಿ ಒಳಗಿಟ್ಟು ಮಡಚಿದರು. ಉಸಿರೆರಡು ಕಾದರು. ಅಂಚಿನಲ್ಲಿ ಇಣುಕುತ್ತಿದ್ದ ಬಿಳಿ ಕೊಬ್ಬು ಗಾಜಿನಂತೆ ತಿಳಿಯಾಯಿತು.

"ಕೂತ್ಕೊಳ್ಳಿ ಸರ್" ಅಂದರು. ಥರ್ಮಾಮೀಟರ್ ಜೇಬಲ್ಲೇ ಉಳಿಯಿತು.